ಬಲಗಡೆ ಕತ್ತರಿಸಿಹೋದ ನನ್ನ ಶ್ರದ್ಧಾಂಜಲಿ

ತಪ್ಪು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ವಂಶದಲ್ಲೇ ಇಲ್ಲ. ಜಂಬ ಅಂದುಕೊಳ್ಳಬೇಡಿ, ಅದು ನನ್ನ ಹೊಟ್ಟೆಪಾಡು. ಮಧುಗಿರಿಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಮೇಜು ಹಾಕಿಕೊಂಡು ಕ್ರಯಪತ್ರ, ವಿಭಾಗಪತ್ರ ಬರೆದುಕೊಡುವವಳು ನಾನು. ಮೊದಲು ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರ್. ಒಂದು ಹಾಳೆ ಮುಂದೆ ಬಂದರೆ ಅದರಲ್ಲಿರುವುದನ್ನು ಓದುವ ಮೊದಲೇ ಅದರಲ್ಲಿ ಇಲ್ಲದ್ದು ನನ್ನ ಕಣ್ಣಿಗೆ ಬೀಳುತ್ತದೆ. ಹೆಬ್ಬೆಟ್ಟಿಗೆ ಜಾಗ ಬಿಟ್ಟಿಲ್ಲ, ಸಾಕ್ಷಿಯ ಸಹಿ ಇನ್ನೊಂದು ಪುಟಕ್ಕೆ ಹಾರಿದೆ, ಜಮೀನಿನ ಉತ್ತರಕ್ಕೆ ಯಾರಿದ್ದಾರೆ ಅಂತಲೇ ಬರೆದಿಲ್ಲ. ಇಂಥ ಕಣ್ಣಿದ್ದೂ ಒಂದು ತಪ್ಪು ನನ್ನ ಮೂಗಿನ ಕೆಳಗೇ ಇಡೀ ರಾತ್ರಿ ಮಲಗಿತ್ತು. ಅದು ನಾಗಲಮಡಿಕೆಯಲ್ಲಿದ್ದ ನಮ್ಮಮ್ಮನ ಜೀವಕ್ಕೇ ಬರುವಂಥದ್ದು ಅಂತ ನನಗೆ ತೋಚಲೇ ಇಲ್ಲ.

ನನ್ನ ತಮ್ಮನ ಮಗಳು ಕೊರಟಗೆರೆಯ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಡಿಸೈನಿಂಗ್ ಅಂಗಡಿ ಇಟ್ಟಿದ್ದಾಳೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು, ತೀರಿಕೊಂಡವರ ಶ್ರದ್ಧಾಂಜಲಿ ಬ್ಯಾನರು, ಎಲ್ಲ ಮಾಡುತ್ತಾಳೆ. ಶಿರಾದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಕಲಿತವಳು. ಇವತ್ತಿಗೂ ಇವಳು ಮಾಡಿದ ಬ್ಯಾನರುಗಳು ಅಲ್ಲೇ ಪ್ರಿಂಟ್ ಆಗುತ್ತವೆ. ಒಂದು ಸಂಜೆ ಫೋನ್ ಮಾಡಿದಳು.

"ಅತ್ತೆ, ನಂದೇ ಒಂದು ವೆಬ್‌ಸೈಟ್ ಮಾಡಿದೀನಿ. ಪೋರ್ಟ್‌ಫೋಲಿಯೊ ಅಂತಾರೆ. ಇಷ್ಟು ದಿನ ಮಾಡಿರೋ ಕೆಲಸ ಎಲ್ಲ ಒಂದೇ ಕಡೆ ನೋಡ್ಬೋದು. ನೀವು ನೋಡಿ ತಪ್ಪು ಹೇಳ್ಬೇಕು. ಮುಲಾಜು ಇಟ್ಕೋಬೇಡಿ."

"ಮುಲಾಜು ಅನ್ನೋದು ನಮ್ಮನೇಲಿ ಯಾರಿಗಿದೆಯೇ? ಕಳ್ಸು," ಅಂದೆ.

ಕಳಿಸಿದಳು. ಕನ್ನಡಕ ತೆಗೆದಿಟ್ಟಾಗಿತ್ತು. ಬೆಳಿಗ್ಗೆ ನೋಡೋಣ ಅಂತ ಮಲಗಿಬಿಟ್ಟೆ.

ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಮುಂಚೆ ಮೇಜಿನ ಹತ್ತಿರ ಕೂತು, ಕಾಫಿ ತರಿಸಿಕೊಂಡು, ಫೋನಿನಲ್ಲಿ ಅವಳ ವೆಬ್‌ಸೈಟ್ ಒತ್ತಿದೆ. ಪರದೆ ಪೂರ್ತಿ ಕಪ್ಪಾಯಿತು. ಫೋನ್ ಕೆಟ್ಟೇಹೋಯಿತೇನೋ ಅಂತ ಎರಡು ಸಲ ತಟ್ಟಿದೆ. ಆಮೇಲೆ ಆ ಕತ್ತಲೆಯೊಳಗಿಂದ ಅವಳ ಹೆಸರು ಒಂದೊಂದೇ ಅಕ್ಷರವಾಗಿ ಎದ್ದುಬಂತು, ಅಕ್ಷರಕ್ಕೊಂದು ಗಿರಕಿ. ಹೆಸರು ಪೂರ್ತಿಯಾಗುವ ಹೊತ್ತಿಗೆ ಕಾಫಿ ಅರ್ಧ ಆರಿತ್ತು. ಕೆಳಗೆ ತನ್ನ ಬಗ್ಗೆ ನಾಲ್ಕು ಸಾಲು ಬರೆದುಕೊಂಡಿದ್ದಳು, ಕಪ್ಪಿನ ಮೇಲೆ ಬೂದಿ ಬಣ್ಣದಲ್ಲಿ, ನೂಲಿನಷ್ಟು ಸಣ್ಣ ಅಕ್ಷರ. ಬೇರೆಯವರ ಮಗಳ ಮದುವೆ ಕಾರ್ಡಿಗೆ ಬಂಗಾರದ ಅಕ್ಷರ ಹಾಕುವವಳು ತನಗೆ ಮಾತ್ರ ಬೂದಿ ಬಳಿದುಕೊಂಡಿದ್ದಳು! ಅಂಗಡಿ ಎಲ್ಲಿದೆ ಅಂತಿಲ್ಲ. ಫೋನ್ ನಂಬರ್ ಹುಡುಕಿದರೆ ಪುಟದ ತೀರಾ ತಳದಲ್ಲಿತ್ತು, ಅದರ ಮೇಲೆ ಒಂದು ಚಿಟ್ಟೆ ಹಾರಾಡುತ್ತಿತ್ತು. ನಂಬರ್ ಒತ್ತಲು ಹೋದರೆ ಬೆರಳಿಗೆ ಚಿಟ್ಟೆಯೇ ಸಿಕ್ಕಿತು.

ಒಂದು ಕಾರ್ಡನ್ನು ದೊಡ್ಡದು ಮಾಡಿ ನೋಡೋಣ ಅಂತ ಒತ್ತಿದೆ. ಬೇರೆ ಪುಟಕ್ಕೆ ಎತ್ತಿಕೊಂಡು ಹೋಯಿತು. ಅಲ್ಲಿಂದ ವಾಪಸ್ ಬರಲು ದಾರಿಯೇ ಇಲ್ಲ. ದಾರಿ ಬಿಡದೆ ಜಮೀನು ಮಾರಿದವರ ಮೇಲೆ ಎಷ್ಟೆಷ್ಟು ವರ್ಷ ಕೇಸು ನಡೆಯುತ್ತದೆ ಅಂತ ಈ ಕೋರ್ಟು ಕಚೇರಿಗಳ ನಡುವೆ ಕೂತ ನನಗೆ ಗೊತ್ತು. ಲೇ ಹುಡುಗಿ, ನಿನ್ನ ಕಥೆ ಮುಗೀತು ಇವತ್ತು, ಅಂದುಕೊಂಡು ಎಲ್ಲ ಮುಚ್ಚಿ ಮತ್ತೆ ಮೊದಲಿನಿಂದ ತೆರೆದೆ.

ಈ ಸಲ ಏನನ್ನೂ ಒತ್ತದೆ ಸುಮ್ಮನೆ ನೋಡಿದೆ. ಕಾರ್ಡುಗಳು ತಾವಾಗಿಯೇ ಒಂದರ ಹಿಂದೊಂದು ಸರಿಯುತ್ತಿದ್ದವು. ಗಣಪತಿ ಇರುವ ಮದುವೆ ಕಾರ್ಡು ಬಂತು, ಹೋಯಿತು. ನವಿಲಿನ ಕಾರ್ಡು ಬಂತು, ಹೋಯಿತು. ಅದರ ಬೆನ್ನಿಗೇ ಬಂದದ್ದು ಕೈಲಾಸ ಸಮಾರಾಧನೆಯ ಕಾರ್ಡು! ಅಯ್ಯೋ ಶಿವನೇ! ನಮ್ಮ ಕಡೆ ಮದುವೆ ಕಾರ್ಡಿನ ನಾಲ್ಕು ಮೂಲೆಗೆ ಅರಿಸಿನ ಹಚ್ಚಿ ಮೊದಲನೆಯದನ್ನು ದೇವರ ಮುಂದಿಡುತ್ತಾರೆ. ತಿಥಿ ಕಾರ್ಡನ್ನು ಓದಿ, ಹರಿದು ಹೊರಗೆ ಹಾಕುತ್ತಾರೆ. ಒಳಗೆ ಇಟ್ಟುಕೊಳ್ಳುವ ಮಾತೇ ಇಲ್ಲ. ಇವಳು ಎರಡನ್ನೂ ಒಂದೇ ದಾರಕ್ಕೆ ಪೋಣಿಸಿದ್ದಳು. ಮದುವೆ ಕಾರ್ಡು ನೋಡಲು ಬಂದ ಹೆಣ್ಣಿನ ತಂದೆ ಇದನ್ನು ಕಂಡರೆ ಚಪ್ಪಲಿಯನ್ನೂ ಮೆಟ್ಟದೆ ಓಡಿಹೋಗುತ್ತಾನೆ.

ಹೀಗೆ ಬೈಯಲು ಮಾತು ಜೋಡಿಸಿಕೊಳ್ಳುತ್ತಿರುವಾಗ ಆ ಕಾರ್ಡೂ ಸರಿಯಿತು. ಮುಂದಿನದರಲ್ಲಿ ನಾನಿದ್ದೆ.

ನಾನೇ. ಅವಳ ಅಂಗಡಿ ಪೂಜೆಯ ದಿನ ಉಟ್ಟಿದ್ದ ಹಸಿರು ರೇಷ್ಮೆ ಸೀರೆ, ಅವಳೇನೋ ಕೀಟಲೆ ಮಾಡಿದ್ದಕ್ಕೆ ಬಾಯಿ ತುಂಬ ನಕ್ಕಿದ್ದ ಮುಖ. ಕತ್ತಿಗೆ ಚೆಂಡುಹೂವಿನ ಹಾರ. ಎರಡು ಕಡೆ ದೀಪ, ಅದರ ಜ್ವಾಲೆ ಅಲ್ಲಾಡುತ್ತಿತ್ತು. ಹಿಂದೆ ಬಿಳಿ ಮೋಡ, ಮೋಡದಲ್ಲಿ ಪಾರಿವಾಳ. ಮೇಲೆ ದಪ್ಪಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜ' ಅಂತಿತ್ತು, ಉಳಿದ ಅಕ್ಷರ ಪರದೆಯ ಆಚೆಗೆ ಹೋಗಿತ್ತು. ಕೆಳಗೆ 'ದುಃಖತಪ್ತ ಕುಟುಂಬ ವರ್ಗ'. ಕೈಯಲ್ಲಿದ್ದ ಕಾಫಿ ಯಾರದೋ ಕ್ರಯಪತ್ರದ ಕರಡಿನ ಮೇಲೆ ಚೆಲ್ಲಿತು. ಮದುವೆಯಾಗದೆ ಉಳಿದವಳು ನಾನು. ಯಾವ ಲಗ್ನಪತ್ರಿಕೆಯಲ್ಲೂ ಬರದವಳು ನೇರವಾಗಿ ಇಲ್ಲಿಗೆ ಬಂದು ನಗುತ್ತಾ ಕೂತಿದ್ದೆ. ನಿಜ ಹೇಳುತ್ತೇನೆ, ಒಂದು ಕ್ಷಣ ನನಗೇ ಅನುಮಾನ ಬಂತು.

ಫೋನ್ ಮಾಡಿದೆ.

"ಲೇ, ನಾನು ಯಾವಾಗ ಸತ್ತೆನೇ?"

"ಅತ್ತೆ, ನೋಡಿದ್ರಾ? ಅದು ಸ್ಯಾಂಪಲ್ ಅತ್ತೆ!" ಆ ಕಡೆಯಿಂದ ನಗು ಬೇರೆ. "ಅವತ್ತು ನಿಮ್ಮ ಫೋಟೊ ವೆಬ್‌ಸೈಟಿಗೆ ಹಾಕ್ಲಾ ಅಂದಾಗ ನೀವೇ ಹಾಕ್ಕೋ ಅಂದ್ರಿ."

"ಹಾಕ್ಕೋ ಅಂದಿದ್ದು ಫೋಟೊನ ಕಣೆ, ಹಾರನಲ್ಲ!"

"ಸತ್ತೋರ ಫೋಟೊ ಹಾಕಿದ್ರೆ ಅವರ ಮನೆಯೋರು ಜಗಳಕ್ಕೆ ಬರ್ತಾರೆ ಅತ್ತೆ. ಬದುಕಿರೋ ಬೇರೆಯೋರ್ದು ಹಾಕಿದ್ರೆ ಅವರೇ ಬರ್ತಾರೆ. ನೀವಾದ್ರೆ ಬೈದು ಸುಮ್ನಾಗ್ತೀರ ಅಂತ... ಮೇಲೆ ಬಲಗಡೆ ಕೆಂಪಕ್ಷರದಲ್ಲಿ ದೊಡ್ಡದಾಗಿ 'ಮಾದರಿ' ಅಂತ ಬರೆದಿದೀನಲ್ಲ."

"ಬಲಗಡೆ ನನ್ನ ಕಿವಿನೇ ಇಲ್ಲ. ಮಾದರಿ ಎಲ್ಲಿಂದ ಬರ್ಬೇಕು? ನಿನ್ನ ಫೋನಲ್ಲಿ ಒಂದ್ಸಲ ನೋಡು."

ಫೋನ್ ಕಿವಿಯಿಂದ ತೆಗೆದು ನೋಡಿದಳೇನೋ. ಆಮೇಲೆ "ಅಯ್ಯಯ್ಯೋ" ಅನ್ನುವ ದನಿ ಬಂತು. ಅಂಗಡಿಯ ದೊಡ್ಡ ಪರದೆಯಲ್ಲಿ ಮಾಡಿದವಳು ದೊಡ್ಡ ಪರದೆಯಲ್ಲೇ ನೋಡಿ ಸಂತೋಷಪಟ್ಟಿದ್ದಳು. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಯಾರ ಮನೆಯಲ್ಲಿದೆ ಅಷ್ಟು ದೊಡ್ಡ ಪರದೆ? ಎಲ್ಲರೂ ನೋಡುವುದು ಅಂಗೈಯಗಲದ ಫೋನಿನಲ್ಲಿ. ಅಲ್ಲಿ ಚಿತ್ರದ ಬಲ ಅಂಚು ಕತ್ತರಿಸಿಹೋಗಿ, ನನ್ನನ್ನು ಬದುಕಿಸಿಟ್ಟಿದ್ದ ಆ ಒಂದು ಪದವೇ ಬಿದ್ದುಹೋಗಿತ್ತು.

"ಯಾರ್ಯಾರಿಗೆ ಕಳ್ಸಿದೀಯ ಇದನ್ನ?"

"ಗಿರಾಕಿಗಳಿಗೆ... ಶಿರಾದ ಅಂಗಡಿಗೆ... ನಮ್ಮನೆ ವಾಟ್ಸಾಪ್ ಗ್ರೂಪಿಗೆ..." ಅವಳ ದನಿ ಇಳಿಯುತ್ತಾ ಬಂತು. "ಅತ್ತೆ, ಲಿಂಕ್ ಕಳ್ಸಿದ್ರೆ ಅದರ ಜೊತೆ ತಾನಾಗೇ ಒಂದು ಚಿತ್ರ ಹೋಗುತ್ತಲ್ಲ, ಎಲ್ಲರಿಗೂ ಇದೇ ಹೋಗಿದೆ. ನಾನು ನೋಡೇ ಇಲ್ಲ."

ನನಗೆ ಹಿಂದಿನ ಸಂಜೆ ಬಂದಿದ್ದ ಸಂದೇಶ ತೆರೆದೆ. ಅದರಲ್ಲೂ ಇತ್ತು, ಉಗುರಿನಷ್ಟು ಗಾತ್ರದಲ್ಲಿ ಹಾರ ಹಾಕಿಕೊಂಡ ನಾನು. ಲಿಂಕನ್ನು ಒತ್ತಿದವರಿಗೆ ವೆಬ್‌ಸೈಟ್. ಒತ್ತದವರಿಗೆ ನನ್ನ ಸಾವು. ಒತ್ತುವವರು ಯಾರು ಹೇಳಿ?

ಅಷ್ಟರಲ್ಲಿ ಇನ್ನೊಂದು ಕರೆ ಬಂತು. ಶಿರಾದ ಫ್ಲೆಕ್ಸ್ ಅಂಗಡಿಯ ಸಾಹೇಬರು. ನನ್ನ ದನಿ ಕೇಳಿದ್ದೇ "ಯಾ ಅಲ್ಲಾ!" ಅಂದು ಫೋನ್ ಇಟ್ಟುಬಿಟ್ಟರು. ಮತ್ತೆ ಅವರೇ ಮಾಡಿದರು. "ಅಕ್ಕಾ, ನೀವೇನಾ? ಮಾಫ್ ಮಾಡಿ. ಮನೆಯೋರು ಯಾರಾದ್ರೂ ಎತ್ತುತಾರೆ, ಬ್ಯಾನರ್ ಯಾವ ಸೈಜಲ್ಲಿ ಬೇಕು ಕೇಳೋಣ ಅಂತ ಮಾಡ್ದೆ." ಸತ್ತವಳ ನಂಬರಿಗೇ ಫೋನ್ ಮಾಡಿ ಅವಳ ಬ್ಯಾನರಿನ ಅಳತೆ ಕೇಳುವ ಕಾಲ! ಬೈಯಲು ಬಾಯಿ ತೆರೆದರೆ ಎದುರಿಗೆ ಹೊಳವನಹಳ್ಳಿಯ ನನ್ನ ಹಳೇ ಕಕ್ಷಿದಾರರೊಬ್ಬರು ಬಂದು ನಿಂತಿದ್ದರು. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಹಾರ. ಮನೆಯ ವಿಳಾಸ ಕೇಳಿಕೊಂಡು ಹೋಗಲು ನನ್ನ ಮೇಜಿಗೆ ಬಂದರೆ, ಮೇಜಿನ ಹಿಂದೆ ನಾನೇ ಕೂತಿದ್ದೆ.

"ಇದೇನವ್ವ, ಹಿಂಗ್ ಕುಂತಿದೀಯ!" ಅಂದರು, ನನ್ನದೇ ತಪ್ಪು ಅನ್ನುವ ಹಾಗೆ. "ಸತ್ತೋದೆ ಅಂತ ಬೆಳಿಗ್ಗೆ ಮುದ್ದೆನೂ ಉಣ್ದೆ ಬಂದ್ಬುಟ್ಟೆ ಕಣಮ್ಮ."

ನಗು ಬಂತು. ನಕ್ಕೆ. ನಗುತ್ತಿರುವಾಗಲೇ ಅಮ್ಮ ನೆನಪಾದಳು. ಹೊಳವನಹಳ್ಳಿಗೆ ಮುಟ್ಟಿದ ಸುದ್ದಿ ನಾಗಲಮಡಿಕೆಗೆ ಮುಟ್ಟದೆ ಇರುತ್ತದೆಯೇ?

ಅಲ್ಲಿ ನಮ್ಮಮ್ಮ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಅವಳಿಗೆ ಓದು ಬರುವುದಿಲ್ಲ, ಫೋನಿಲ್ಲ. ಹಿಂದೆ ನಮ್ಮಕ್ಕ ತೀರಿಕೊಂಡಾಗ ಹೆಣ ಕಂಡ ಜಾಗದಲ್ಲೇ ಕುಸಿದು ಬಿದ್ದವಳು. ಪಾವಗಡದ ಆಸ್ಪತ್ರೆಯಲ್ಲಿ ಡಾಕ್ಟರು, ಇವರ ಹೃದಯ ಇನ್ನೊಂದು ಇಂಥದ್ದನ್ನು ತಡೆಯುವುದಿಲ್ಲ, ಕೆಟ್ಟ ಸುದ್ದಿ ಏನಿದ್ದರೂ ಹತ್ತಿರ ಕೂತು ನಿಧಾನಕ್ಕೆ ಹೇಳಿ ಅಂದಿದ್ದರು. ಇದ್ದ ಇಬ್ಬರು ಹೆಣ್ಣುಮಕ್ಕಳಲ್ಲಿ ಉಳಿದವಳು ನಾನೊಬ್ಬಳೇ.

ತಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅವನ ಹೆಂಡತಿಗೆ ಮಾಡಿದೆ. ಎತ್ತಲಿಲ್ಲ. ಇಬ್ಬರೂ ಅವತ್ತು ಹಿಂದೂಪುರಕ್ಕೆ ಒಂದು ನಾಮಕರಣಕ್ಕೆ ಹೋಗಿದ್ದರು. ಅಮ್ಮನ ಜೊತೆಗಿದ್ದವಳು ಪಕ್ಕದ ಮನೆಯಾಕೆ ಮಾತ್ರ. ಅವಳ ನಂಬರ್ ನನ್ನ ಹತ್ತಿರ ಇರಲಿಲ್ಲ. ಕಂಪ್ಯೂಟರಿಗೆ ಬಟ್ಟೆ ಮುಚ್ಚಿ ಎದ್ದೆ. ಹೊಳವನಹಳ್ಳಿಯವರು ಹಾರವನ್ನು ಏನು ಮಾಡುವುದು ತಿಳಿಯದೆ ಕಚೇರಿಯ ಎದುರಿನ ಗಣಪತಿ ಗುಡಿಯ ಕಡೆ ನಡೆದರು.

ಹುಡುಗಿ ಸ್ಕೂಟರಿನಲ್ಲಿ ಕೊರಟಗೆರೆಯಿಂದ ಹಾರಿಕೊಂಡು ಬಂದಳು. ಮುಖ ಸುಣ್ಣವಾಗಿತ್ತು. ವೆಬ್‌ಸೈಟಿನಿಂದ ಚಿತ್ರವನ್ನು ಅಳಿಸಿಯೇ ಬಂದಿದ್ದಳು. ಆದರೆ ಜನರ ಫೋನಿಗೆ ಹೋದದ್ದು ಹೋಗಿತ್ತು, ಬಾಯಿಂದ ಬಿದ್ದ ಮಾತಿನ ಹಾಗೆ. ಇಬ್ಬರೂ ಪಾವಗಡದ ಬಸ್ಸು ಹತ್ತಿದೆವು.

ನನಗೆ ಹೆದರಿಕೆಯಾದರೆ ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ಸುಮ್ಮನೆ ಕೂರಲಾಗುವುದಿಲ್ಲ. ಬಸ್ಸು ಬೆಟ್ಟದ ಬುಡ ದಾಟುವ ಮೊದಲೇ ಶುರುಮಾಡಿದೆ. ಆ ಕಪ್ಪು ಯಾಕೆ? ಆ ಗಿರಕಿ ಯಾಕೆ? ಕಾರ್ಡು ಮಾಡಿಸುವವನಿಗೆ ಮೊದಲು ಬೇಕಾದದ್ದು ಅಂಗಡಿ ಎಲ್ಲಿ, ಫೋನ್ ನಂಬರ್ ಯಾವುದು. ಅದನ್ನು ತಳಕ್ಕೆ ತಳ್ಳಿ ಮೇಲೆ ಚಿಟ್ಟೆ ಬಿಟ್ಟಿದ್ದೀಯಲ್ಲ, ಚಿಟ್ಟೆ ಬಂದು ಕಾರ್ಡು ಮಾಡಿಸುತ್ತಾ? ಕಾರ್ಡುಗಳು ತಾವಾಗಿಯೇ ಓಡಿದರೆ ವಯಸ್ಸಾದವರು ಓದುವುದು ಯಾವಾಗ? ಹಿಂದಕ್ಕೆ ಬರಲು ದಾರಿ ಬೇಡವಾ?

"ಚೆನ್ನಾಗಿರೋ ಡಿಸೈನರ್‌ಗಳೆಲ್ಲ ಹಂಗೇ ಮಾಡ್ತಾರೆ ಅತ್ತೆ," ಅಂದಳು, ಅಳುತ್ತಾ.

"ಅವರ ಗಿರಾಕಿ ಬೇರೆ ಕಣೆ. ನಿನ್ನ ಗಿರಾಕಿ ಎಮ್ಮೆ ಹಾಲು ಕರೆದು, ಕೈ ಒರೆಸ್ಕೊಂಡು ಫೋನ್ ಹಿಡಿಯೋನು."

ಈಗ ಆ ವೆಬ್‌ಸೈಟ್ ಬದಲಾಗಿದೆ, ಹೇಳಿಬಿಡುತ್ತೇನೆ. ಬಿಳಿ ಪುಟ, ಮೇಲೆಯೇ ನಂಬರು, ಶುಭಕಾರ್ಯದ ಕಾರ್ಡುಗಳು ಮಾತ್ರ. ತಿಥಿಯ ಕಾರ್ಡುಗಳಿಗೆ ಬೇರೆ ಬಾಗಿಲು, ಬೇಕಾದವರು ಒತ್ತಿ ಒಳಗೆ ಹೋಗಬೇಕು. ಅಲ್ಲಿ ಮುಖ ಇರಬೇಕಾದ ಜಾಗದಲ್ಲಿ ಬರೀ ಒಂದು ಖಾಲಿ ವೃತ್ತ. ಚಿಟ್ಟೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ, ಒಂದು ಮೂಲೆಯಲ್ಲಿ ಕೂರಿಸಿದ್ದಾಳೆ. ಆದರೆ ಅವತ್ತು ಬಸ್ಸಿನಲ್ಲಿ ನಾನು ಇದನ್ನೆಲ್ಲ ಹೇಳಿದ್ದು ಅವಳ ಒಳ್ಳೆಯದಕ್ಕಲ್ಲ. ಬಾಯಿ ಮುಚ್ಚಿದರೆ ಅಮ್ಮ ನೆಲದ ಮೇಲೆ ಬಿದ್ದಿರುವುದು ಕಣ್ಣ ಮುಂದೆ ಬರುತ್ತಿತ್ತು.

ಮಿಡಿಗೇಶಿಯಲ್ಲಿ ಪಾವಗಡ ಕಡೆಯ ಹೆಂಗಸೊಬ್ಬಳು ಹತ್ತಿ ನಮ್ಮ ಪಕ್ಕ ಕೂತಳು. ಹುಡುಗಿಯ ಫೋನಿನಲ್ಲಿ ಆ ಚಿತ್ರ ತೆರೆದೇ ಇತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅದನ್ನು ನೋಡಿದಳು.

"ಏಮಮ್ಮಾ, ಇದು ನೀವೇ ಕದಾ? ಕಾಕಿ ತನ್ನಿಂದಾ ಏಮಿ?"

ಕಾಗೆ ಒದೆಯಿತಾ ಅಂತ ಅವಳು ಕೇಳಿದ್ದು. ಮರೆತೇಬಿಟ್ಟಿದ್ದೆ ನಾನು! ನಮ್ಮ ಕಡೆ ಕಾಗೆ ಬಂದು ಯಾರದಾದರೂ ತಲೆ ಮುಟ್ಟಿದರೆ ಅದು ಸಾವಿನ ಸೂಚನೆ. ಅದನ್ನು ಕಳೆಯಲು ಇರುವುದೊಂದೇ ದಾರಿ. ಅವರು ಸತ್ತರು ಅಂತ ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸುವುದು. ನೆಂಟರು ನಿಜವೆಂದು ನಂಬಿ ಅಳಬೇಕು. ಅತ್ತರೆ ದೋಷ ಹೋಯಿತು, ಆಯಸ್ಸು ಗಟ್ಟಿಯಾಯಿತು. ನಾನು ಚಿಕ್ಕವಳಿದ್ದಾಗ ಬಾವಿಯ ಹತ್ತಿರ ನಮ್ಮಪ್ಪನ ತಲೆಯ ಮೇಲೆ ಕಾಗೆ ಕೂತಿತ್ತು. ಅಮ್ಮನೇ ಸೋದರತ್ತೆಗೆ ಹೇಳಿ ಕಳಿಸಿದಳು. ಆಕೆ ಎದೆ ಬಡಿದುಕೊಂಡು ಹೊಳೆಯ ಮರಳಿನಲ್ಲಿ ಓಡಿಬಂದರೆ ಅಪ್ಪ ಜಗಲಿಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದ. ಅತ್ತೆ ಅವನಿಗೆ ಎರಡು ಬಿಟ್ಟು, ಹೋಳಿಗೆ ಮಾಡಿಸಿಕೊಂಡು ತಿಂದೇ ಹೋಗಿದ್ದು.

"ಹಂಗೇ ಹೇಳ್ಬಿಡೋಣ ಅತ್ತೆ," ಹುಡುಗಿ ನನ್ನ ಕೈ ಹಿಡಿದುಕೊಂಡಳು. "ಕಾಗೆ ಮುಟ್ಟಿತ್ತು, ಅದಕ್ಕೆ ಕಳ್ಸಿದ್ದು ಅಂತ. ಅಜ್ಜಿ ನಂಬುತ್ತೆ. ಅಪ್ಪನೂ ನನ್ನ ಚರ್ಮ ಸುಲಿಯಲ್ಲ."

"ಆಯ್ತು," ಅಂದೆ. "ಕೇಳೋಕೆ ಅವಳು ಇರ್ಲಿ ಮೊದಲು."

ಅಷ್ಟು ಹೊತ್ತಿಗೆ ತಮ್ಮನ ಫೋನ್ ಬಂತು. "ಅಕ್ಕಾ... ನೀನೇನಾ? ನಿಜವಾಗ್ಲೂ?" ಅಂದು ಒಂದು ಗಳಿಗೆ ಬಿಕ್ಕಿದ. ನಾಮಕರಣದ ಓಲಗದ ಗಲಾಟೆಯಲ್ಲಿ ಫೋನ್ ಕೇಳಿಸಿರಲಿಲ್ಲವಂತೆ. ಪಕ್ಕದ ಮನೆಯಾಕೆ ಅವನಿಗೆ ಫೋನ್ ಮಾಡಿದ್ದಳು. ಆಕೆಯ ಮಗಳೇ ತನ್ನ ಫೋನಿಗೆ ಬಂದ ಚಿತ್ರವನ್ನು ನಮ್ಮಮ್ಮನಿಗೆ ತೋರಿಸಿದ್ದಂತೆ. "ಅಮ್ಮ ಅಳ್ತಾನೂ ಇಲ್ವಂತೆ, ಮಾತೂ ಆಡ್ತಿಲ್ವಂತೆ ಅಕ್ಕ. ಅಕ್ಕ ಬದುಕವ್ಳೆ, ನಾನು ವಿಚಾರಿಸ್ತೀನಿ, ಹಂಗಂತ ಹೇಳಿ ಅಂದೆ. ಹೇಳಿದ್ಲೋ ಇಲ್ವೋ, ಫೋನ್ ಕಟ್ಟಾಯ್ತು. ಈಗ ಸ್ವಿಚ್ ಆಫ್ ಬರ್ತಾ ಅದೆ. ನಾವ್ ಹೊರಟ್ವಿ."

ಹೇಳಿದ್ದರೂ ಏನು ಪ್ರಯೋಜನ? ನಮ್ಮ ಜನ ಸಾವನ್ನು ನೇರವಾಗಿ ಹೇಳಿದ್ದುಂಟೇ? ಅಕ್ಕ ಹೋದ ದಿನವೂ ಅಮ್ಮನಿಗೆ ಎಲ್ಲರೂ ಹೇಳಿದ್ದು ಅದನ್ನೇ. ಏನಿಲ್ಲ, ಸ್ವಲ್ಪ ಸೀರಿಯಸ್ಸು, ಬದುಕಿದ್ದಾಳೆ, ಬಾ. ದಾರಿಯುದ್ದಕ್ಕೂ ಬದುಕಿದ್ದ ಮಗಳು ಬಾಗಿಲ ಮುಂದೆ ಚಟ್ಟದ ಮೇಲಿದ್ದಳು. ಬದುಕಿದ್ದಾಳೆ ಅನ್ನುವ ಮಾತನ್ನು ಅಮ್ಮ ಇನ್ನು ಯಾರ ಬಾಯಿಂದ ಕೇಳಿದರೂ ನಂಬುವುದಿಲ್ಲ. ಅಲ್ಲಿಂದ ಮುಂದೆ ನಾನು ವೆಬ್‌ಸೈಟಿನ ಮಾತೆತ್ತಲಿಲ್ಲ. ಬಸ್ಸು ನಿಂತ ಪ್ರತಿ ಊರಿನಲ್ಲೂ ಡ್ರೈವರನನ್ನು ಮನಸ್ಸಿನಲ್ಲೇ ಬೈದೆ.

ಪಾವಗಡದಲ್ಲಿ ಇಳಿದು ಆಟೋ ಹಿಡಿದೆವು. ನಾಗಲಮಡಿಕೆಯಲ್ಲಿ ನಮ್ಮ ಬೀದಿ ತಿರುಗುತ್ತಿದ್ದಂತೆ ಮನೆಯ ಮುಂದೆ ಚಪ್ಪಲಿಗಳ ರಾಶಿ ಕಾಣಿಸಿತು. ಚಪ್ಪಲಿ ನನ್ನ ಸಾವಿಗೆ ಬಂದವರದೋ, ಅಮ್ಮನ ಸಾವಿಗೆ ಬಂದವರದೋ? ಆಟೋದಿಂದ ಇಳಿದದ್ದೇ ಜಗಲಿಯ ಮೇಲಿದ್ದ ಹೆಂಗಸೊಬ್ಬಳು ನನ್ನನ್ನು ಕಂಡು ಕಿಟಾರನೆ ಕಿರುಚಿದಳು. ಉಳಿದವರು ಎದ್ದುನಿಂತು ಗೋಡೆಗೆ ಒತ್ತಿಕೊಂಡರು. ಯಾರ ಮುಖವನ್ನೂ ನೋಡದೆ ಒಳಗೆ ನುಗ್ಗಿದೆ.

ಅಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ಕೂತಿದ್ದಳು! ಕಣ್ಣು ತೆರೆದಿತ್ತು. ಬಿಳಿ ಕೂದಲು ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ನನ್ನ ಕಾಲಿನಿಂದ ತಲೆಯವರೆಗೆ ಒಂದು ಸಲ, ತಲೆಯಿಂದ ಕಾಲಿನವರೆಗೆ ಇನ್ನೊಂದು ಸಲ ನೋಡಿದಳು.

"ಬಂದ್ಯಾ," ಅಂದಳು. "ಕಾಗೆ ಮುಟ್ಟಿತ್ತಾ?"

ನಾನೂ ಹುಡುಗಿಯೂ ಮುಖ ಮುಖ ನೋಡಿಕೊಂಡೆವು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಸುಳ್ಳನ್ನು ಬಾಯಿಂದಲೇ ಕಿತ್ತುಕೊಂಡಿದ್ದಳು.

"ಹೂಂ ಅಮ್ಮ," ಅಂದೆ. "ಮುಟ್ಟಿತ್ತು."

"ನಾನ್ ಆಗ್ಲೇ ಅಂದೆ. ಇದು ಕಾಗೆ ಸುದ್ದಿ ಕಣ್ರೇ ಅಂತ. ನನ್ ಮಾತ ಯಾರ್ ಕೇಳ್ತಾರೆ? ಎಲ್ಲಾ ಬಂದ್ಬುಟ್ರು ಬಾಯ್ ಬಡ್ಕಂಡು." ಗದರಿಕೆ ಎಂದಿನದೇ. "ನೋಡ್ಕಂಡ್ರಲ್ಲ, ಗುಂಡುಕಲ್ಲಂಗವ್ಳೆ. ಹೋಗ್ರಿ, ಎದ್ದೋಗ್ರಿ ನಿಮ್ ನಿಮ್ ಮನೆಗೆ."

ಪಕ್ಕದ ಮನೆಯಾಕೆ ಏನೋ ಹೇಳಲು ಬಾಯಿ ತೆರೆದಳು. ಅಮ್ಮ ಅವಳನ್ನು ಒಂದು ನೋಟ ನೋಡಿದಳು. ಅವಳೂ ಎದ್ದಳು. ಹೆಂಗಸರು ನನ್ನ ಕೈಯನ್ನೂ ಕೆನ್ನೆಯನ್ನೂ ಮುಟ್ಟಿ ಮುಟ್ಟಿ ನೋಡಿ, ನೂರು ವರ್ಷ ಬಾಳು ಕಣವ್ವ ಅಂದು ಹೊರಟರು.

ನನಗೆ ಹೋದ ಜೀವ ಬಂತು. ಅಬ್ಬಾ, ಎಂಥ ಗಟ್ಟಿಗಿತ್ತಿ! ನಾವು ಇವಳಿಗಾಗಿ ಒದ್ದಾಡಿಕೊಂಡು ಬಂದರೆ ಇವಳು ಊರಿಗೇ ಬುದ್ಧಿ ಹೇಳಿಕೊಂಡು ಕೂತಿದ್ದಾಳೆ! ಜೀವ ಬಂದ ಮೇಲೆ ಹಸಿವೂ ಬಂತು. ಬೆಳಿಗ್ಗೆ ಅರ್ಧ ಲೋಟ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಇರಲಿಲ್ಲ.

"ಏನಿದೆಯಮ್ಮ ಊಟಕ್ಕೆ? ಹೊಟ್ಟೆ ಚುರುಗುಡ್ತಾ ಇದೆ," ಅನ್ನುತ್ತಾ ಅಡಿಗೆಮನೆಯ ಕಡೆ ನಡೆದೆ.

"ಇರು. ನಾನೇ ನೋಡ್ತೀನಿ, ನೀನ್ ಹೋಗ್ಬ್ಯಾಡ." ಅಮ್ಮ ಕಂಬ ಹಿಡಿದು ಏಳಲು ಹೋದಳು. ಏಳಲಾಗಲಿಲ್ಲ. ಅಷ್ಟರಲ್ಲಿ ನಾನು ಒಳಗೆ ಹೋಗಿಯಾಗಿತ್ತು.

ತಮ್ಮನ ಮನೆಯಲ್ಲಿ ಗ್ಯಾಸ್ ಇದ್ದರೂ ಅಮ್ಮ ಮುದ್ದೆ ತೊಳಸುವುದು ಸೌದೆ ಒಲೆಯ ಮೇಲೇ. ಒಲೆಯ ಮೇಲೆ ಪಾತ್ರೆ ಇತ್ತು. ಅದರಲ್ಲಿ ಅರ್ಧ ಬೆಂದ ರಾಗಿ ಹಿಟ್ಟು ಬಿರುಕು ಬಿಟ್ಟು ಗಟ್ಟಿಯಾಗಿತ್ತು. ಹಿಟ್ಟು ತೊಳಸುವ ಕೋಲು ಅದರೊಳಗೆ ನೆಟ್ಟಗೆ ನಿಂತಿತ್ತು. ನೆಲಕ್ಕೆ ಚೆಲ್ಲಿದ ಹಿಟ್ಟನ್ನೂ ಬಾಚಿ ಕೋಳಿಗೆ ಹಾಕುವ ನಮ್ಮಮ್ಮ ಅದನ್ನು ಹಾಗೇ ಬಿಟ್ಟಿದ್ದಳು. ಒಲೆಯೊಳಗೆ ನೋಡಿದೆ. ಅರ್ಧ ಉರಿದ ಸೌದೆ ಕಪ್ಪಗೆ ನೆನೆದಿತ್ತು. ಬೂದಿ ಕೆಸರಾಗಿ ಒಲೆಯ ಬಾಯಿಂದ ಹೊರಗೆ ಹರಿದಿತ್ತು. ಉರಿಯುವ ಒಲೆಗೆ ನಮ್ಮಲ್ಲಿ ಯಾರೂ ನೀರು ಹುಯ್ಯುವುದಿಲ್ಲ. ಸೌದೆ ಈಚೆ ಎಳೆದು ಆರಿಸುತ್ತಾರೆ. ನೀರು ಹುಯ್ಯುವುದು ಹೆತ್ತ ಮಕ್ಕಳ ಸಾವು ಕೇಳಿದಾಗ ಮಾತ್ರ. ನೀರು ಹುಯ್ದು, ತಲೆಗೆ ಸ್ನಾನ ಮಾಡಿ ಕೂರುತ್ತಾರೆ. ಅಮ್ಮನ ಒದ್ದೆ ಕೂದಲು ನನಗೆ ಆಗ ಅರ್ಥವಾಯಿತು.

ತಿರುಗಿದೆ. ಅಮ್ಮ ಮೊಮ್ಮಗಳ ಹೆಗಲು ಹಿಡಿದು ಬಾಗಿಲಲ್ಲಿ ಬಂದು ನಿಂತಿದ್ದಳು. ಒಲೆಯನ್ನು ಕಂಡು ಹುಡುಗಿಗೆ ತಡೆಯಲಾಗಲಿಲ್ಲ.

"ಅಜ್ಜಿ, ಕಾಗೆ ಅಲ್ಲ ಅಜ್ಜಿ. ನಾನೇ ಮಾಡಿದ್ದು. ಅದ್ರಲ್ಲಿ ಮಾದರಿ ಅಂತ ಬರೆದಿದ್ದೆ, ಸುಮ್ನೆ ಮಾಡಿದ್ದು ಅಂತ. ಫೋನಲ್ಲಿ ಅದು ಕಟ್ಟಾಗೋಗಿತ್ತು..."

"ಕಟ್ಟಾಗ್ದಿದ್ರೆ ನಾನ್ ಓದ್ತಿದ್ನೇನೆ?" ಅಮ್ಮ ಅವಳನ್ನು ಬೈಯಲಿಲ್ಲ. ಮೆಲ್ಲಗೆ ಹೇಳಿದಳು. "ದೀಪ ಇತ್ತು. ಹಾರ ಇತ್ತು. ಇವಳ ಮೊಕ ಇತ್ತು. ಇನ್ನೇನ್ ಓದ್ಬೇಕು?"

ಬೆಳಿಗ್ಗೆಯಿಂದ ಆ ಬಲ ಅಂಚಿಗಾಗಿ ನಾನು ಹಾರಾಡಿದ್ದೇ ಹಾರಾಡಿದ್ದು. ಆ ಪದ ಚಿತ್ರದ ನಟ್ಟನಡುವೆ ಇದ್ದಿದ್ದರೂ ಈ ಒಲೆಗೆ ನೀರು ಬೀಳುತ್ತಿತ್ತು.

"ಕಾಗೆ ಸುದ್ದಿಯಾದ್ರೂ ಆಗಿರ್ಲಪ್ಪ ಅಂದ್ಕಂಡೆ," ಅಂದಳು ಅಮ್ಮ. "ಆಗಿದ್ರೆ ಅಳ್ಬೇಕಲ್ಲ, ಅತ್ರೆ ತಾನೆ ನೀನ್ ಉಳಿಯಾದು. ಎಲ್ರೂ ಅಳು ಅಳು ಅಂದ್ರು. ಬರ್ನಿಲ್ಲ ಕಣೆ. ಬೆಳಿಗ್ಗೆಯಿಂದ ಕುಂತಿದೀನಿ, ಒಂದ್ ತೊಟ್ಟು ಬರ್ನಿಲ್ಲ. ನಾನ್ ಅಳ್ನಿಲ್ಲ ಅಂತ ನೀನ್ ಹೋಗ್ಬುಟ್ರೆ ಹೆಂಗೆ ಅಂತ..."

ಅಷ್ಟಕ್ಕೆ ನಿಲ್ಲಿಸಿ ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಇನ್ನೊಂದು ಗುದ್ದಲು ಎತ್ತಿದ ಕೈ ನನ್ನ ಹೆಗಲ ಮೇಲೆ ಬಿತ್ತು. ಆಗ ಬಂತು ಅವಳಿಗೆ ಅಳು. ಅಕ್ಕ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಹೋಗಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ಗಾಬರಿಯಾಗಿ ಬಾಗಿಲಿಗೆ ಬಂದು ಇಣುಕಿ ಹೋದರು. ನಾವು ಮೂವರೂ ಅಡಿಗೆಮನೆಯ ಒದ್ದೆ ನೆಲದ ಮೇಲೇ ಕೂತುಬಿಟ್ಟೆವು.

ಸಾಕಾಗುವಷ್ಟು ಅತ್ತ ಮೇಲೆ ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಕಡ್ಡಿಪೆಟ್ಟಿಗೆ ತಂದು ಇವಳ ಕೈಗೆ ಕೊಡು," ಅಂದಳು ಮೊಮ್ಮಗಳಿಗೆ. "ಒಲೆ ಇವಳೇ ಹಚ್ಲಿ."

ನಾನು ಒದ್ದೆ ಬೂದಿ ಬಳಿದು ಹಾಕಿ, ಒಣ ಸೌದೆ ಇಟ್ಟು, ಒಲೆ ಹಚ್ಚಿದೆ.